ಲಾರಿಯ ಗೇರು, ನಮ್ಮವರ ಕಿವಿ

ಸದ್ದು ಕೇಳಿಸಿದ ಕೂಡಲೇ ಅದನ್ನು ಮಾಡಿದವರ ಹೆಸರು ಹೇಳಿಬಿಡುವುದು ನನ್ನ ಹಳೆಯ ಕೆಟ್ಟ ಚಾಳಿ. ಅಡುಗೆಮನೆಯಲ್ಲಿ ಲೋಟ ಬಿದ್ದರೆ ಯಾವ ಲೋಟ, ಯಾರ ಕೈಯಿಂದ ಬಿತ್ತು ಎಂಬುದನ್ನು ಹಜಾರದಲ್ಲಿ ಕೂತೇ ಹೇಳುತ್ತೇನೆ. ಮೇಲಿನ ಮನೆಯಲ್ಲಿ ಮಂಚ ಎಳೆದರೆ, ಎಳೆದದ್ದು ಅತ್ತೆಯೋ ಸೊಸೆಯೋ ಎಂದು ತೀರ್ಪು ಕೊಡುತ್ತೇನೆ. ನೀವು ನಗಬಹುದು. ಆದರೆ ನಾನು ಮೂವತ್ತೊಂದು ವರ್ಷ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು. ಬೋರ್ಡಿನ ಕಡೆ ಮುಖ ಮಾಡಿ ಗುಣಸಂಧಿಗೆ ಉದಾಹರಣೆ ಬರೆಯುತ್ತಿರುವಾಗಲೇ, ಹಿಂದಿನ ಬೆಂಚಿನಲ್ಲಿ ಹುಣಿಸೆ ಮಿಠಾಯಿಯ ಕಾಗದ ಬಿಚ್ಚಿದವಳು ಯಾರೆಂದು ತಿರುಗಿ ನೋಡದೆ ಹೇಳುತ್ತಿದ್ದೆ. ಹತ್ತಕ್ಕೆ ಒಂಬತ್ತು ಸಲ ಸರಿಯಾಗಿರುತ್ತಿತ್ತು. ಹತ್ತನೆಯವಳು ಸುಮ್ಮನೆ ಬೈಸಿಕೊಂಡು ನಿಲ್ಲುತ್ತಿದ್ದಳು. ಆ ಹತ್ತನೆಯವಳ ವಿಷಯ ನಾನು ಬಹಳ ಕಾಲ ಯೋಚಿಸಿಯೇ ಇರಲಿಲ್ಲ.

ಈ ಗುಣ ಅಪ್ಪನಿಂದ ಬಂದಿರಬೇಕು. ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಮಾರ್ಕೆಟ್ಟಿನಿಂದ ಮೂಟೆ ತುಂಬಿಕೊಂಡ ಲಾರಿಗಳು ನಮ್ಮ ರಸ್ತೆಯ ಸಣ್ಣ ಏರಿನಲ್ಲಿ ಏದುಸಿರು ಬಿಡುತ್ತಾ ಹೋಗುತ್ತಿದ್ದವು. ಗೇರು ಬದಲಿಸುವಾಗ ಕರ್ರ್ ಎಂದರೆ ಅಪ್ಪ ಪೇಪರಿನಿಂದ ತಲೆಯೆತ್ತದೆ, "ಪಾಪ, ಗೇರ್ ಸಿಗ್ತಿಲ್ಲ ಅವನಿಗೆ" ಅನ್ನುತ್ತಿದ್ದರು. ಅವರು ಆಫೀಸಿನ ಗುಮಾಸ್ತರು. ಜೀವಮಾನದಲ್ಲಿ ಸೈಕಲ್ಲಿಗಿಂತ ದೊಡ್ಡದೇನನ್ನೂ ಓಡಿಸಿದವರಲ್ಲ. ಆದರೂ ಆ ಮಾತನ್ನು ಹೇಳುವಾಗ ಅವರ ಮುಖದಲ್ಲೊಂದು ಅನುಭವಿಯ ಮರುಕ ಇರುತ್ತಿತ್ತು. ಕ್ರಮೇಣ ಆ ಮಾತು ಮನೆಯೊಳಗೂ ಬಂತು. ಬೆಳಗಿನ ಕಾಫಿ ತಡವಾಗಿ ಅಪ್ಪ ಸಿಡುಕಿದರೆ ಅಮ್ಮ ನಮ್ಮ ಕಡೆ ತಿರುಗಿ, "ನಿಮ್ಮಪ್ಪಂಗೆ ಇನ್ನೂ ಗೇರ್ ಬಿದ್ದಿಲ್ಲ, ದೂರ ಇರ್ರೇ" ಅನ್ನುತ್ತಿದ್ದಳು. ಅಣ್ಣನಿಗೆ ಲೆಕ್ಕದಲ್ಲಿ ಗೇರು ಬೀಳಲಿಲ್ಲ, ನನಗೆ ಹೊಲಿಗೆಯಲ್ಲಿ ಬೀಳಲಿಲ್ಲ, ನಮ್ಮ ಸೋದರತ್ತೆಗೆ ಮಾತು ನಿಲ್ಲಿಸುವ ಗೇರೇ ಇರಲಿಲ್ಲ.

ಹೀಗೆ ಲಾರಿಗಳನ್ನು ನೋಡಿ ನಕ್ಕವಳನ್ನು ದೇವರು ಲಾರಿ ಇದ್ದ ಮನೆಗೇ ಮದುವೆ ಮಾಡಿ ಕಳಿಸಿದ. ನಮ್ಮನೆಯವರದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರ. ನಮ್ಮ ಮಾವನವರು ಮಾಗಡಿ ಕಡೆಯಿಂದ ಬಂದು, ರಾಗಿ ಹೊಲ ಬಿಟ್ಟು, ಬೇರೆಯವರ ಮನೆಯ ಮದುವೆಗಳನ್ನು ನಂಬಿ ಬದುಕಿದರು. ಈಗ ಬಸವನಗುಡಿಯಲ್ಲಿ ಮನೆ, ಚಾಮರಾಜಪೇಟೆಯಲ್ಲಿ ಗೋಡೌನು, ಅದರ ಮುಂದೆ ಒಂದು ಹಳೆಯ ಲಾರಿ. ಲಾರಿಯ ಜೊತೆಗೆ ಹದಿನೆಂಟು ವರ್ಷಗಳಿಂದ ಡ್ರೈವರ್ ಮುನಿಯಪ್ಪ. ಅವನು ನನ್ನನ್ನು 'ಅಕ್ಕ' ಅನ್ನುತ್ತಾನೆ. ಲಾರಿಯನ್ನು ಏನನ್ನುತ್ತಾನೋ ಗೊತ್ತಿಲ್ಲ; ಬೆಳಿಗ್ಗೆ ಅದರ ಬಾನೆಟ್ ಸವರಿ ಏನೋ ಗೊಣಗುವುದನ್ನು ಮಾತ್ರ ನೋಡಿದ್ದೇನೆ.

ಇನ್ನು ನಮ್ಮನೆಯವರ ಕಿವಿಯ ವಿಷಯ. ಅದು ಯಾವತ್ತು ಮಂದವಾಯಿತೋ ನಾನರಿಯೆ. "ಕೊತ್ತಂಬರಿ ತಂದ್ರಾ?" ಅಂದರೆ "ಹತ್ತೂವರೆಗೆ ಬರ್ತಾನೆ" ಅನ್ನುತ್ತಾರೆ. ಯಾರು ಬರುತ್ತಾನೆ, ಯಾಕೆ ಬರುತ್ತಾನೆ, ಅವರಿಗೂ ಗೊತ್ತಿರುವುದಿಲ್ಲ. ನಮ್ಮನೆಯ ಟೀವಿಯ ವಾರ್ತೆ ಎದುರುಮನೆಯವರಿಗೂ ಕೇಳುತ್ತದೆ. ಅವರು ತಮ್ಮ ಟೀವಿ ಹಾಕುವುದನ್ನೇ ಬಿಟ್ಟಿದ್ದಾರೆ. ಕಿವಿ ತೋರಿಸೋಣ ಅಂದರೆ ಮಾತ್ರ ಒಂದೇ ಸಲಕ್ಕೆ ಕೇಳಿಸುತ್ತದೆ, "ನನ್ನ ಕಿವಿಗೇನಾಗಿದೆ? ನೀನು ಬಾಯೊಳಗೇ ಮಾತಾಡ್ತೀಯ" ಎಂಬ ಉತ್ತರ ಬರುತ್ತದೆ. ಎಪ್ಪತ್ತು ಮಕ್ಕಳ ಕ್ಲಾಸನ್ನು ಮೈಕಿಲ್ಲದೆ ಆಳಿದ ನಾನು ಬಾಯೊಳಗೆ ಮಾತಾಡುತ್ತೇನಂತೆ! ಹಾಗೆಂದು ನಾನು ಅವರನ್ನು ಹೊರಗಿನವರ ಮುಂದೆ ಬಿಟ್ಟುಕೊಡುತ್ತಿರಲಿಲ್ಲ. ಯಾರಾದರೂ ಏನಾದರೂ ಕೇಳಿದರೆ, ಅದನ್ನೇ ಸ್ವಲ್ಪ ತಿರುಗಿಸಿ, ಸಲಹೆ ಕೇಳುವವಳಂತೆ ಜೋರಾಗಿ ಇವರಿಗೆ ದಾಟಿಸುತ್ತಿದ್ದೆ. ಈ ಕಲೆ ನನಗೊಬ್ಬಳಿಗೇ ಗೊತ್ತಿದೆ ಎಂದು ನಂಬಿದ್ದೆ.

ಕಳೆದ ಮದುವೆ ಸೀಸನ್ನಿನಲ್ಲಿ ಒಂದು ಬೆಳಿಗ್ಗೆ ಮುನಿಯಪ್ಪ ಮನೆಗೆ ಬಂದು, "ಯಜಮಾನ್ರೆ, ಗೇರ್‌ಬಾಕ್ಸ್‌ನಲ್ಲಿ ಕರಕರ ಅಂತಿದೆ. ಫಸ್ಟ್ ಬೀಳ್ಬೇಕಾದ್ರೆ ಸತಾಯಿಸುತ್ತೆ, ರಿವರ್ಸ್ ಅಂತೂ ಕೇಳ್ಲೇಬೇಡಿ" ಅಂದ. ಇವರು ಕೂಡಲೇ ಅವನ ಪಕ್ಕ ಕೂತು ಗಾಂಧಿ ಬಜಾರಿನ ತನಕ ಒಂದು ಸುತ್ತು ಹೋಗಿಬಂದರು. ಬಂದವರು, "ಎಂಥ ಕರಕರ? ಬೆಣ್ಣೆ ಥರ ಓಡ್ತಿದೆ" ಅಂದರು. ಮುನಿಯಪ್ಪ ನನ್ನ ಮುಖ ನೋಡಿದ. ಲಾರಿ ಗೇಟಿನ ಮುಂದೆ ನಿಲ್ಲುವಾಗ ಎದ್ದ ಸದ್ದಿಗೆ ತುಳಸಿಕಟ್ಟೆಯ ಮೇಲಿದ್ದ ಕಾಗೆ ಹಾರಿಹೋದದ್ದನ್ನು ನಾನು ಕಂಡಿದ್ದೆ. ಆದರೆ ಏನು ಹೇಳಲಿ?

ಏನೂ ಹೇಳದಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ತಿಂಡಿ ಹೊತ್ತಿಗೆ ನನ್ನ ಚಾಳಿ ಎದ್ದುಕೂತಿತು. ಇವರ ತಟ್ಟೆಗೆ ಎರಡನೆಯ ದೋಸೆ ಹಾಕುತ್ತಾ, "ಮುನಿಯಪ್ಪನ ಮಂಡಿ ನೋಡಿದೀರಾ? ಮೆಟ್ಟಿಲು ಹತ್ತೋವಾಗ ಗೋಡೆ ಹಿಡ್ಕೋತಾನೆ. ಕ್ಲಚ್ ಪೂರ್ತಿ ತುಳಿಯೋಕೆ ಆಗ್ತಿಲ್ಲ ಅವನಿಗೆ. ಸದ್ದು ಅದರದ್ದೇ" ಎಂದು ಜೋರಾಗಿ, ಸ್ಪಷ್ಟವಾಗಿ ತೀರ್ಪು ಕೊಟ್ಟೆ. ಕ್ಲಚ್ ಎಂದರೇನೆಂದು ನನಗೆ ಗೊತ್ತಿದ್ದದ್ದು ಅಷ್ಟರಲ್ಲೇ ಇತ್ತು. ಇವರು ದೋಸೆ ಮುರಿಯುತ್ತಾ "ಹೂಂ" ಅಂದರು.

ಆ ವಾರವೇ ತ್ಯಾಗರಾಜನಗರದ ಒಂದು ಛತ್ರದಲ್ಲಿ ಮದುವೆ. ಪಾತ್ರೆ, ಕುರ್ಚಿ ಎಲ್ಲ ನಮ್ಮದೇ. ಹೆಣ್ಣಿನ ತಾಯಿ ನನ್ನ ಜೊತೆ ಪಾಠ ಮಾಡಿದವಳು. ಹಾಗಾಗಿ ನಾನೂ ಅಲ್ಲಿದ್ದೆ. ಲಾರಿಯನ್ನು ಕಿರಿದಾದ ಗಲ್ಲಿಯೊಳಗೆ ಹಿಂದಕ್ಕೆ ತರಬೇಕಿತ್ತು. ಮುನಿಯಪ್ಪ ರಿವರ್ಸ್ ಹಾಕಲು ನೋಡಿದ. ಕರ್ರ್ ಅಂತು. ಮತ್ತೆ ಹಾಕಿದ. ಮತ್ತೆ ಕರ್ರ್. ಹಲ್ಲಿಗೆ ಹಲ್ಲು ಮಸೆಯುವ ಆ ಸದ್ದಿಗೆ ಚಪ್ಪರ ಕಟ್ಟುವವರು ಕೈ ನಿಲ್ಲಿಸಿದರು, ಅಡುಗೆಯವರು ಸೌಟು ಹಿಡಿದು ಹೊರಗೆ ಬಂದರು. ಲಾರಿಯ ಮೈ ನಡುಗಿದ್ದು ಪಕ್ಕದಲ್ಲಿ ಕೈಯಿಟ್ಟು ನಿಂತಿದ್ದ ಇವರಿಗೂ ಈ ಸಲ ತಿಳಿಯಿತು. ಇವರು ಮುನಿಯಪ್ಪನ ಕಿಟಕಿಯ ಹತ್ತಿರ ಹೋಗಿ, ಗುಟ್ಟಿನಲ್ಲಿ ಹೇಳುವವರಂತೆ ಬಾಗಿ, "ಅಲ್ಲಯ್ಯ, ಹದಿನೆಂಟು ವರ್ಷ ಆಯ್ತು, ಕ್ಲಚ್ ತುಳಿಯೋದು ಮರೆತೋಯ್ತಾ? ಮಂಡೀಲಿ ಶಕ್ತಿ ಇಲ್ದಿದ್ರೆ ಹೇಳ್ಬಿಡು, ಬೇರೆ ಯಾರನ್ನಾದ್ರೂ ನೋಡ್ಕೋತೀನಿ" ಅಂದರು.

ಗುಟ್ಟಿನಲ್ಲಿ ಅಂದೆನಲ್ಲ, ಅದು ಇವರ ಲೆಕ್ಕದಲ್ಲಿ. ಕಿವಿ ಮಂದವಾದವರು ಗುಟ್ಟು ಹೇಳಿದರೆ ಬೀದಿಗೆಲ್ಲ ಕೇಳಿಸುತ್ತದೆ. ಚಪ್ಪರದವರಿಗೆ ಕೇಳಿಸಿತು, ಅಡುಗೆಯವರಿಗೆ ಕೇಳಿಸಿತು, ಹೆಣ್ಣಿನ ಸೋದರಮಾವನಿಗೆ ಮೂರನೆಯ ಮಹಡಿಯಲ್ಲಿ ಕೇಳಿಸಿತು. ಮುನಿಯಪ್ಪ ಹೇಗೋ ಲಾರಿಯನ್ನು ಒಳಗೆ ತಂದ. ಕೊನೆಯ ಕುರ್ಚಿಯ ತನಕ ಇಳಿಸಿಕೊಟ್ಟ. ಸಂಜೆ ಲಾರಿಯನ್ನು ಗೋಡೌನಿನ ಮುಂದೆ ನಿಲ್ಲಿಸಿ, ಒಳಗಿದ್ದ ದೇವರ ಪಟದ ಮುಂದೆ ಕೀ ಇಟ್ಟು, ಕೈಮುಗಿದು, "ನೋಡ್ಕೊಳ್ಳಿ ಯಜಮಾನ್ರೆ, ಬೇರೆ ಯಾರನ್ನಾದ್ರೂ" ಎಂದು ಹೇಳಿ ಹೋಗಿಬಿಟ್ಟ. ಕೈಮುಗಿದದ್ದು ಪಟಕ್ಕೋ ನಮಗೋ ತಿಳಿಯಲಿಲ್ಲ.

ನಾನು ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮಂಡಿಯ ಮಾತು ಯಾರದೆಂದು ನನಗೆ ಗೊತ್ತಿತ್ತಲ್ಲ.

ಎರಡು ದಿನಕ್ಕೆಂದು ಬೇರೊಬ್ಬ ಡ್ರೈವರನ್ನು ಕರೆಸಿದರು. ಗಟ್ಟಿಮುಟ್ಟಾದ ಆಳು, ಮಂಡಿಗಳು ಒರಳುಕಲ್ಲಿನಂತಿದ್ದವು. ಅವನ ಕಾಲಿಗೂ ಗೇರು ಕರ್ರ್ ಎಂದಿತು. "ಸಾರ್, ಈ ಗೇರ್‌ಬಾಕ್ಸ್ ಹೋಗಿದೆ, ಬಿಚ್ಚಿಸ್ಬಿಡಿ" ಎಂದು ಹೇಳಿ ಅವನೂ ಕೀ ಕೊಟ್ಟುಹೋದ. ಅಲ್ಲಿಗೆ ನನ್ನ ಮಂಡಿ ಸಿದ್ಧಾಂತ ನೆಲಕಚ್ಚಿತು.

ಮರುದಿನ ಇವರು ಷರ್ಟು ಹಾಕಿಕೊಳ್ಳುತ್ತಾ, "ಕಲಾಸಿಪಾಳ್ಯದಲ್ಲಿ ದೊರೈ ಹತ್ರ ಗಾಡಿ ತೋರಿಸ್ಕೊಂಡು ಬರ್ತೀನಿ. ನೀನೂ ಬಾ, ಹಾಗೇ ಮಾರ್ಕೆಟ್ಟಲ್ಲಿ ಹೂವು ತಗೋಬಹುದು" ಅಂದರು. ಮನೆ ಮುಂದೆ ದಿನಾ ಹೂವಿನವಳು ಬರುತ್ತಾಳೆ. ಮದುವೆಯಾದ ಮೂವತ್ತಾರು ವರ್ಷಗಳಲ್ಲಿ ಇವರು ನನ್ನನ್ನು ಹೂವು ತರಲು ಲಾರಿಯಲ್ಲಿ ಕರೆದದ್ದಿಲ್ಲ. ಸದ್ದು ಹೇಗಿದೆ ಎಂದು ಮೆಕ್ಯಾನಿಕ್ ಕೇಳುತ್ತಾನೆ, ಹೇಳಲು ಒಂದು ಜೊತೆ ಕಿವಿ ಬೇಕು. ಅದನ್ನು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. "ಸೇವಂತಿಗೆ ಚೆನ್ನಾಗಿರುತ್ತೆ ಈಗ" ಎಂದು ಸೀರೆ ಸರಿಮಾಡಿಕೊಂಡು ಹೊರಟೆ.

ಲಾರಿಯನ್ನು ಇವರೇ ಓಡಿಸಿದರು. ಲಾರಿಯ ಎತ್ತರದಿಂದ ಊರು ಎಷ್ಟು ಚಂದ ಕಾಣುತ್ತದೆಂದರೆ, ನೀವೂ ಒಮ್ಮೆ ಹತ್ತಿ ನೋಡಬೇಕು. ಆಟೋದವರೆಲ್ಲ ಕೆಳಗೆ ಎಲ್ಲೋ ಇರುತ್ತಾರೆ, ಅವರ ಬೈಗುಳವೂ ಅಲ್ಲೇ ಉಳಿಯುತ್ತದೆ. ಮಾರ್ಕೆಟ್ಟಿನ ಹತ್ತಿರ ಜನಸಂದಣಿಯಲ್ಲಿ ನಿಂತು ಹೊರಡುವಾಗ ಇವರು ಗೇರು ಹಾಕಿದರು. ಎಂಥ ಕರ್ರ್ ಅಂದರೆ, ಪಕ್ಕದಲ್ಲಿ ಹೂವಿನ ಮಂಕರಿ ಹೊತ್ತು ಹೋಗುತ್ತಿದ್ದವರು ಬೆಚ್ಚಿ ನಿಂತುಬಿಟ್ಟರು. ಇವರು ಮುಖದ ಒಂದು ಗೆರೆಯನ್ನೂ ಅಲುಗಿಸದೆ ರಸ್ತೆ ನೋಡುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ, ನನ್ನ ಕಡೆ ತಿರುಗದೆ, "ಏನಾದ್ರೂ ಕೇಳಿಸ್ತಾ?" ಅಂದರು.

"ಸ್ವಲ್ಪ" ಅಂದೆ.

ದೊರೈ ಅರವತ್ತು ದಾಟಿದ ಮೆಕ್ಯಾನಿಕ್. ಶೆಡ್ಡಿನ ಒಳಗೆಲ್ಲ ಎಣ್ಣೆಯ ಕಪ್ಪು, ಅವರ ಹಣೆಯ ಮೇಲೆ ಮಾತ್ರ ಬಿಳೀ ವಿಭೂತಿ. ನಾನು ಇಳಿದ ಕೂಡಲೇ ವರದಿ ಒಪ್ಪಿಸಲು ಶುರುಮಾಡಿದೆ. "ಕರ್ರ್ ಅನ್ನುತ್ತೆ. ಬಹುಶಃ ಮೂರನೇ ಗೇರಿನ ಹಲ್ಲು..."

ಅವರು ಕೈಯೆತ್ತಿ ನಿಲ್ಲಿಸಿದರು. "ಹಲ್ಲು ಆಮೇಲೆ ಎಣಿಸೋಣ ಮೇಡಂ. ಮೊದ್ಲು ನಾನು ಕೇಳಿದ್ದು ಹೇಳಿ. ಗಾಡಿ ಓಡ್ತಿರೋವಾಗ ಸದ್ದು ಬರುತ್ತಾ, ಗೇರ್ ಹಾಕೋವಾಗ ಬರುತ್ತಾ?"

ನಾನು ಯೋಚಿಸಿದೆ. "ಹಾಕೋವಾಗ."

"ಬಿದ್ದ ಮೇಲೆ?"

"ಬಿದ್ದ ಮೇಲೆ ಇಲ್ಲ."

"ಒಂದೇ ಗೇರಲ್ಲಾ? ಎಲ್ಲದರಲ್ಲೂನಾ?"

"ಎಲ್ಲದರಲ್ಲೂ. ರಿವರ್ಸಲ್ಲಿ ಜಾಸ್ತಿ."

"ನ್ಯೂಟ್ರಲ್ಲಲ್ಲಿ ಸುಮ್ನೆ ನಿಂತಾಗ?"

ಕ್ಲಾಸಿನಲ್ಲಿ ಪುಸ್ತಕ ಓದದೆ ಬಂದ ಹುಡುಗಿಯ ಸ್ಥಿತಿ ನನ್ನದಾಯಿತು. ದೊರೈ ನಗಲಿಲ್ಲ. ಇಂಜಿನ್ ಚಾಲೂ ಮಾಡಿಸಿ, ಒಂದು ಉದ್ದನೆಯ ಕಬ್ಬಿಣದ ಸಲಾಕಿಯ ತುದಿಯನ್ನು ಗೇರ್‌ಬಾಕ್ಸಿನ ಮೈಗೆ ಇಟ್ಟು, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿಕೊಂಡರು. ಡಾಕ್ಟರು ಎದೆ ನೋಡುವ ಹಾಗೆ ಕಣ್ಣು ಮುಚ್ಚಿ ಕೇಳಿ, ಸಲಾಕಿಯನ್ನು ನನಗೂ ಕೊಟ್ಟರು. ಒಳಗೆ ದೂರದ ಜೇನುಗೂಡಿನಂತೆ ಒಂದೇ ಸಮನಾದ ಗುಂಯ್ ಸದ್ದು.

"ಇದು ಆರೋಗ್ಯ" ಅಂದರು. "ಒಳಗೆ ಬೇರಿಂಗ್ ಹೋಗಿದ್ರೆ ಇಲ್ಲೇ ಗೊರಗೊರ ಅಂತಿತ್ತು. ಒಂದೇ ಗೇರಲ್ಲಿ ಸದ್ದು ಬಂದಿದ್ರೆ ಆ ಗೇರ್ ನೋಡ್ಬೇಕಿತ್ತು. ಎಲ್ಲದರಲ್ಲೂ, ಹಾಕೋವಾಗ ಮಾತ್ರ ಅಂದ್ರೆ ಕ್ಲಚ್ ಪೂರ್ತಿ ಬಿಡ್ತಿಲ್ಲ. ನೀವು ಗ್ರೈಂಡರ್ ಆಫ್ ಮಾಡದೆ ಕೈ ಹಾಕ್ತೀರಾ? ಇಲ್ಲ ಅಲ್ವಾ? ಈ ಗಾಡೀಲಿ ಅದೇ ಆಗ್ತಿದೆ. ಇಂಜಿನ್ನು ಇನ್ನೂ ತಿರುಗಿಸ್ತಾನೇ ಇದೆ, ಇವರು ಗೇರ್ ತಳ್ತಿದಾರೆ."

ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ನಗುವಿನಲ್ಲೇ ಮುಗಿಯುತ್ತಿತ್ತು. ದೊರೈ ಲಾರಿಯ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಕ್ಲಚ್ಚಿನ ಸರಳು ಎಷ್ಟು ಸರಿಯುತ್ತದೆಂದು ನೋಡಲು ಅಡಿಯಲ್ಲಿ ತೂರಿಕೊಂಡರು. ಇವರು ಮೇಲೆ ಸೀಟಿನಲ್ಲಿ, ಇಂಜಿನ್ ಓಡುತ್ತಿತ್ತು. ನಾನು ಇನ್ನೊಂದು ಬಾಗಿಲ ಹತ್ತಿರ ಮೆಟ್ಟಿಲ ಮೇಲೆ ನಿಂತಿದ್ದೆ.

"ಕ್ಲಚ್ ತುಳೀರಿ ಅಣ್ಣ!" ದೊರೈ ಕೂಗಿದರು. ಇವರು ನನ್ನ ಮುಖ ನೋಡಿದರು. ನಾನು ಕಾಲು ತುಳಿದು ತೋರಿಸಿದೆ. ತುಳಿದರು.

"ಹಾಗೇ ಇರ್ಲಿ, ಗೇರ್ ಹಾಕ್ಬೇಡಿ!"

ಈ ಸಲ ಇವರು ನನ್ನನ್ನು ನೋಡಲಿಲ್ಲ. 'ಗೇರ್ ಹಾಕಿ' ಎಂದಷ್ಟೇ ಕೇಳಿಸಿರಬೇಕು. ರಿವರ್ಸಿಗೆ ಎಳೆದರು. ಕರ್ರ್ ಎಂದು ಲಾರಿ ಹಿಂದಕ್ಕೆ ಹಾರಿತು. ಕಲ್ಲುಗಳು ಕಿರುಗುಟ್ಟಿದವು. ಅಡಿಯಿಂದ ದೊರೈ "ಆಫ್! ಆಫ್ ಮಾಡಿ!" ಎಂದು ಕಿರುಚುತ್ತಿದ್ದರು. ಇವರು ಹೆಮ್ಮೆಯಿಂದ ಸ್ಟೇರಿಂಗ್ ಹಿಡಿದು ಕೂತೇ ಇದ್ದರು. ನಾನು ಹೇಗೆ ಒಳಗೆ ನುಗ್ಗಿದೆನೋ, ಸೀಟಿನ ಮೇಲೆ ಅಡ್ಡಬಿದ್ದು ಕೀ ತಿರುಗಿಸಿದೆ.

ಶೆಡ್ಡು ನಿಶ್ಶಬ್ದವಾಯಿತು. ಕಲ್ಲುಗಳು ಚಕ್ರವನ್ನು ತಡೆದಿದ್ದವು. ದೊರೈ ನಿಧಾನವಾಗಿ ಹೊರಗೆ ಬಂದರು. ಮೊಣಕೈ ತರಚಿತ್ತು, ಅಷ್ಟೇ. ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಇವರನ್ನು ನೋಡಿದರು, ಆಮೇಲೆ ನನ್ನನ್ನು. ಇವರ ಮುಖದ ಬಣ್ಣ ಇಳಿದುಹೋಗಿತ್ತು. "ಬೇಡ ಅಂದ್ರಾ?" ಎಂದು ನನ್ನನ್ನು ಕೇಳಿದರು. ಮೊದಲ ಸಲ ಅವರ ದನಿ ಸಣ್ಣಗಿತ್ತು. ನಾನು ಹೌದೆಂದು ತಲೆಯಾಡಿಸಿದೆ. ಇಷ್ಟು ವರ್ಷ ಅವರ ಕಿವಿಯನ್ನು ಮುಚ್ಚಿಟ್ಟು ಮರ್ಯಾದೆ ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ.

"ಕ್ಲಚ್ ತುಳಿದೇ ಇದ್ರಿ ತಾನೇ? ಆದ್ರೂ ಗಾಡಿ ಹಾರ್ತು" ಎನ್ನುತ್ತಾ ದೊರೈ ಕ್ಯಾಬಿನ್ನಿನೊಳಗೆ ತಲೆ ಹಾಕಿ, ಪೆಡಲನ್ನು ಕೈಯಿಂದಲೇ ಒತ್ತಿದರು. ಅದು ಅರ್ಧಕ್ಕಿಂತ ಸ್ವಲ್ಪ ಮುಂದೆ ಹೋಗಿ ನಿಂತಿತು. ಅವರು ಕೆಳಗೆ ಕೈ ಹಾಕಿ ಏನನ್ನೋ ಎಳೆದರು. ಮಡಚಿಕೊಂಡು ಪೆಡಲಿನ ಅಡಿಗೆ ಸೇರಿದ್ದ ದಪ್ಪನೆಯ ನಾರಿನ ಮ್ಯಾಟು ಹೊರಗೆ ಬಂತು. ಅದರ ಮೇಲೆ ಕೆಂಪಕ್ಷರದಲ್ಲಿ 'ಸುಸ್ವಾಗತ' ಎಂದಿತ್ತು.

"ಇದ್ಯಾರು ಹಾಕಿದ್ದು?"

ಹೆಸರು ಹೇಳುವುದರಲ್ಲಿ ನಿಸ್ಸೀಮಳಾದ ನನಗೆ ಈ ಹೆಸರು ಹೇಳಲು ಬಹಳ ಹೊತ್ತು ಹಿಡಿಯಿತು. "ನಾನು" ಅಂದೆ.

ಇಂಜಿನ್ ಬಿಸಿಗೆ ಕಾಲು ಸುಡುತ್ತದೆ ಎಂದು ಸೀಸನ್ನಿಗೆ ಸ್ವಲ್ಪ ಮುಂಚೆ ಮುನಿಯಪ್ಪ ಒಮ್ಮೆ ಅಂದಿದ್ದ. ಮಾಮೂಲ್‌ಪೇಟೆಗೆ ಹೋಗಿ, ಅಂಗಡಿಯವನಿಗೆ "ಇನ್ನೂ ದಪ್ಪದ್ದು ತೆಗೀರಿ, ಇನ್ನೂ ದಪ್ಪದ್ದು" ಎಂದು ಕಾಡಿ ತಂದು, ನಾನೇ ಹಾಸಿದ್ದೆ. ದೊರೈ ಮ್ಯಾಟನ್ನು ಪಕ್ಕಕ್ಕಿಟ್ಟು, ಇಂಜಿನ್ ಚಾಲೂ ಮಾಡಿ, ಕ್ಲಚ್ ತುಳಿದು, ಒಂದೊಂದಾಗಿ ಗೇರು ಹಾಕಿದರು. ಟಕ್, ಟಕ್, ಟಕ್. ರಿವರ್ಸು ಕೂಡ ಸದ್ದಿಲ್ಲದೆ ಬಿತ್ತು. "ಗೇರ್‌ಬಾಕ್ಸ್ ಬಿಚ್ಚಿದ್ರೆ ನಾನೂ ಹುಡುಕ್ತಾ ಇರ್ತಿದ್ದೆ ಮೇಡಂ" ಎಂದು ನಕ್ಕರು. ಆಮೇಲೆ ಇವರ ಭುಜ ಮುಟ್ಟಿ, ಮುಖಕ್ಕೆ ಮುಖ ಕೊಟ್ಟು, "ಅಣ್ಣ, ಗಾಡಿ ಸರಿಯಾಯ್ತು. ಆದ್ರೆ ಕಿವಿ ತೋರಿಸ್ಕೊಳ್ಳೋವರ್ಗೂ ನೀವು ಓಡಿಸ್ಬೇಡಿ" ಅಂದರು. ಇವರು ವಾದ ಮಾಡಲಿಲ್ಲ. ಲಾರಿಯನ್ನು ಶೆಡ್ಡಿನಲ್ಲೇ ಬಿಟ್ಟು, ಆಟೋ ಹತ್ತಿದೆವು. ಸೇವಂತಿಗೆಯ ಮಾತು ಇಬ್ಬರಿಗೂ ನೆನಪಾಗಲಿಲ್ಲ. ಆಟೋದವನು ಎಲ್ಲಿಗೆ ಎಂದಾಗ ನಾನು ಬಸವನಗುಡಿ ಅನ್ನುವಷ್ಟರಲ್ಲಿ ಇವರು, "ಹನುಮಂತನಗರ. ಮುನಿಯಪ್ಪನ ಮನೆ" ಅಂದರು.

ಮುನಿಯಪ್ಪ ಹೊಸ್ತಿಲ ಮೇಲೆ ಕೂತು ಹೆಂಡತಿಗೆ ಅವರೆಕಾಯಿ ಬಿಡಿಸಿಕೊಡುತ್ತಿದ್ದ. ನಮ್ಮನ್ನು ನೋಡಿ ಎದ್ದುನಿಂತ, ಆದರೆ ಬನ್ನಿ ಅನ್ನಲಿಲ್ಲ. ಅವನ ಹೆಂಡತಿ ಗೌರಮ್ಮ ಗಂಡನ ಮುಖ ನೋಡಿ, ನಮ್ಮ ಮುಖ ನೋಡಿ, "ಬನ್ನಿ ಅಕ್ಕ, ಒಳಗೆ ಬನ್ನಿ" ಎಂದು ಚಾಪೆ ಹಾಸಿದಳು. ಮೊದಲು ನಾನೇ ಶುರುಮಾಡಿದೆ.

"ಮುನಿಯಪ್ಪ, ಗೇರ್‌ಬಾಕ್ಸ್‌ಗೆ ಏನೂ ಆಗಿಲ್ಲ. ನಿನ್ನ ಮಂಡಿಗೂ ಏನೂ ಆಗಿಲ್ಲ. ನಾನು ಹಾಕಿದ ಮ್ಯಾಟು ಪೆಡಲ್ ಕೆಳಗೆ ಸಿಕ್ಕೊಂಡಿತ್ತು. ಮಂಡಿ ವಿಷ್ಯ ಇವರ ತಲೆಗೆ ತುಂಬಿದ್ದೂ ನಾನೇ."

ಅವನು ಅವರೆಕಾಯಿಯ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದ. "ಒಂದಿನ ಅದನ್ನ ತೊಳೆದು ಒಣಗಾಕಿದ್ದೆ ಅಕ್ಕ. ಅವತ್ತು ಗೇರು ಸಲೀಸಾಗಿ ಬೀಳ್ತಿತ್ತು. ಆಯಿಲ್ ಹಾಕ್ಸಿದ್ದಕ್ಕೆ ಅಂದ್ಕೊಂಡೆ. ಸಾಯಂಕಾಲ ನೀವು ಬಂದು, ಮ್ಯಾಟೆಲ್ಲಿ ಅಂತ ಕೇಳಿದ್ರಲ್ಲ... ಹಸೀದೇ ತಂದು ಹಾಕ್ಬಿಟ್ಟೆ."

ಗೌರಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಗ ಇವರು ಚಾಪೆಯ ಮೇಲೆ ಸ್ವಲ್ಪ ಮುಂದಕ್ಕೆ ಸರಿದರು. "ಛತ್ರದಲ್ಲಿ ಅಷ್ಟು ಜನದ ಮುಂದೆ ಹಂಗೆ ಅಂದದ್ದು ತಪ್ಪಾಯ್ತು ಕಣೋ. ಮೆಲ್ಲಗೆ ಹೇಳ್ತಿದೀನಿ ಅಂದ್ಕೊಂಡಿದ್ದೆ." ಆಮೇಲೆ, "ನನಗೆ ಕಿವಿ ಕೇಳಿಸಲ್ಲ ಮುನಿಯಪ್ಪ" ಅಂದರು.

ಈ ಮಾತನ್ನು ಅವರು ನನಗೆ ಹೇಳಿರಲಿಲ್ಲ, ನಮ್ಮ ಮಗಳಿಗೆ ಹೇಳಿರಲಿಲ್ಲ, ದೇವರಿಗೂ ಹೇಳಿರಲಾರರು. ಮುನಿಯಪ್ಪ ಮಾತ್ರ ಬೆಳಿಗ್ಗೆ ಹಾಲು ಬಂತು ಅನ್ನುವವನಂತೆ, "ಗೊತ್ತು ಯಜಮಾನ್ರೆ" ಅಂದ.

"ಗೊತ್ತಾ?"

"ನಾಕು ವರ್ಷದಿಂದ ಗೋಡೌನ್ ಹತ್ರ ಬಂದಾಗ್ಲೆಲ್ಲ ಲೈಟು ಮಿನುಗಿಸ್ತಿದ್ದೆನಲ್ಲ, ಮತ್ತೆ ಯಾಕೆ? ಹಾರ್ನು ಹೊಡೆದ್ರೆ ನೀವು ತಿರುಗ್ತಿರ್ಲಿಲ್ಲ. ನಮ್ಮ ಆಳುಗಳಿಗೂ ಹೇಳಿಟ್ಟಿದೀನಿ, ಯಜಮಾನ್ರ ಎದುರಿಗೆ ನಿಂತು ಮಾತಾಡಿ ಅಂತ."

ನಾನೊಬ್ಬಳೇ ಕಾಯುತ್ತಿದ್ದೇನೆ ಅಂದುಕೊಂಡಿದ್ದ ಗುಟ್ಟನ್ನು ಇಡೀ ಗೋಡೌನು ಕಾಯುತ್ತಿತ್ತು! ಇವರು ಕನ್ನಡಕ ತೆಗೆದು ಒರೆಸಿಕೊಂಡರು. ಮುನಿಯಪ್ಪ ಕೆಲಸಕ್ಕೆ ಬರಲು ಒಪ್ಪಿದ, ಆದರೆ ಒಂದು ಷರತ್ತಿನ ಮೇಲೆ. "ಮೊದ್ಲು ಕಿವಿ ಡಾಕ್ಟ್ರು. ಆಮೇಲೆ ಲಾರಿ. ನಾನೇ ಕರ್ಕೊಂಡು ಹೋಗ್ತೀನಿ. ನೀವಿಬ್ರೇ ಹೋದ್ರೆ ಅರ್ಧ ದಾರೀಲಿ ವಾಪಸ್ ಬರ್ತೀರ."

ಹಾಗೆ ಮುಂದಿನ ಸೋಮವಾರ ನಾವು ಮೂವರೂ ಜಯನಗರದ ಒಂದು ಕ್ಲಿನಿಕ್ಕಿನಲ್ಲಿದ್ದೆವು. ಇವರನ್ನು ಗಾಜಿನ ಕಿಟಕಿಯಿದ್ದ ಸಣ್ಣ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, "ಸದ್ದು ಕೇಳಿಸಿದಾಗಲೆಲ್ಲ ಬೆರಳೆತ್ತಿ ಸಾರ್" ಎಂದು ಪರೀಕ್ಷೆ ಮಾಡುವ ಹುಡುಗಿ ಹೇಳಿಹೋದಳು. ಅವಳು ಹೊರಗೆ ಯಂತ್ರದ ಮುಂದೆ ಕೂತು ಗುಂಡಿ ಒತ್ತತೊಡಗಿದಳು. ಒಂದೆರಡು ಸಲ ಬೆರಳೆದ್ದಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಇವರು ಗಾಜಿನಿಂದಾಚೆ ನಮ್ಮ ಕಡೆ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಹೊರಗಿನವರು ಏನಾದರೂ ಕೇಳಿದಾಗ ನನ್ನತ್ತ ತಿರುಗುವ ನೋಟ.

ತಟ್ಟನೆ ಇವರ ಬೆರಳೆದ್ದಿತು. ಹುಡುಗಿ ಹುಬ್ಬು ಗಂಟಿಕ್ಕಿದಳು. ಅವಳು ಗುಂಡಿ ಒತ್ತಿಯೇ ಇರಲಿಲ್ಲ. ನಾನು ಪಕ್ಕಕ್ಕೆ ತಿರುಗಿ ನೋಡಿದೆ. ಮುನಿಯಪ್ಪ, ತನಗೂ ಏನೊಂದೂ ಕೇಳಿಸದಿದ್ದರೂ, ಅಂದಾಜಿನ ಮೇಲೆ, ತೊಡೆಯ ಮೇಲಿಟ್ಟ ಕೈಯಿಂದ ಮೆಲ್ಲಗೆ ಬೆರಳೆತ್ತಿ ಯಜಮಾನರಿಗೆ ತೋರಿಸುತ್ತಿದ್ದ.

ನಾನು ನನ್ನ ವ್ಯಾನಿಟಿ ಬ್ಯಾಗು, ನೀರಿನ ಬಾಟಲಿ, ಇವರ ಹಳೆಯ ಚೀಟಿಗಳ ಫೈಲು ಎಲ್ಲವನ್ನೂ ಒಟ್ಟುಮಾಡಿ ಅವನ ಎರಡೂ ಕೈಗೆ ಕೊಟ್ಟೆ. "ಸ್ವಲ್ಪ ಹಿಡ್ಕೋ" ಅಂದೆ. ಅವನು ಹಿಡಿದುಕೊಂಡ.

ಒಳಗೆ ಇವರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಮತ್ತೆ ತಲೆಯೆತ್ತಿದಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು. ಹುಡುಗಿ ಒಂದು ಗುಂಡಿ ಒತ್ತಿದಳು, ಸದ್ದು ಹೆಚ್ಚಿಸಿ ಇನ್ನೊಮ್ಮೆ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಬಹಳ ಹೊತ್ತಾದ ಮೇಲೆ ಅವರ ಬಲಗೈಯ ತೋರುಬೆರಳು, ಅರ್ಧದಷ್ಟೇ, ಮೇಲೆದ್ದಿತು.